ಸಂಘದ ಲೆಕ್ಕದ ಪುಸ್ತಕ, ಅಂಗಡಿಯ ಉದ್ರಿ ಪುಸ್ತಕ

ವರ್ತಕರ ಮನೆಯಲ್ಲಿ ಯಜಮಾನರು ಹಠಾತ್ತನೆ ತೀರಿಕೊಂಡರೆ, ಬಂಧುಗಳ ನಂತರ ಮೊದಲು ಬಾಗಿಲು ತಟ್ಟುವವರು ಸಾಲ ಕೊಟ್ಟವರು. ಸಾಲ ಪಡೆದವರು ಆ ಬೀದಿಗೇ ಬರುವುದಿಲ್ಲ. ಇಪ್ಪತ್ತೈದು ವರ್ಷಗಳಿಗೂ ಮಿಗಿಲಾದ ನನ್ನ ವೃತ್ತಿಜೀವನದಲ್ಲಿ ಈ ದೃಶ್ಯವನ್ನು ಹಲವು ಬಾರಿ ಕಂಡಿದ್ದೇನೆ. ಅವುಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಕಕ್ಷಿದಾರರ ಗುರುತು ಹೇಳುವುದು ವೃತ್ತಿಧರ್ಮಕ್ಕೆ ಒಪ್ಪದಾದ್ದರಿಂದ ಹೆಸರು, ಊರುಗಳನ್ನು ಬಿಟ್ಟಿದ್ದೇನೆ.

ಕೆಲವು ವರ್ಷಗಳ ಹಿಂದೆ ತಿ. ನರಸೀಪುರ ತಾಲ್ಲೂಕಿನ ಗೊಬ್ಬರ ಮತ್ತು ಬಿತ್ತನೆ ಬೀಜದ ವರ್ತಕರೊಬ್ಬರು ಹೃದಯಾಘಾತದಿಂದ ತೀರಿಕೊಂಡರು. ನಾಲೆಯ ನೀರಿನ ಭತ್ತದ ಸೀಮೆಯಲ್ಲಿ ಗೊಬ್ಬರದ ವ್ಯಾಪಾರವೆಂದರೆ ಉದ್ರಿಯ ವ್ಯಾಪಾರ. ನಾಟಿಗೆ ಕೊಟ್ಟ ಸರಕಿನ ಹಣ ಕೈಸೇರುವುದು ಒಕ್ಕಣೆಯಾದ ಮೇಲೆ. ವರ್ತಕರು ತೀರಿಕೊಂಡದ್ದು ನಾಟಿಗೂ ಕೊಯ್ಲಿಗೂ ನಡುವಿನ ಕಾಲದಲ್ಲಿ. ಬ್ಯಾಂಕಿನ ಸಿ.ಸಿ. ಖಾತೆಯ ಮಿತಿ ಪೂರ್ತಿ ಬಳಕೆಯಾಗಿತ್ತು. ಆ ಸಾಲಕ್ಕೆ ಅವರ ಪತ್ನಿ ಜಾಮೀನುದಾರರು. ವಿಮಾ ಪಾಲಿಸಿಯಲ್ಲಿ ನಾಮಿನಿಯಾಗಿ ಇದ್ದದ್ದು ಮದುವೆಗೆ ಮುಂಚೆ ಬರೆಸಿದ ತಾಯಿಯ ಹೆಸರು. ಆ ತಾಯಿ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಕಚೇರಿಗೆ ಬಂದ ಆ ತಾಯಂದಿರು ನನಗೆ ಹೇಳಿದ್ದು ಇಷ್ಟೇ: "ಅವರು ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆ ಸಹಿ ಮಾಡಿದ್ದೆ ಸಾರ್. ಅದು ಏನು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ."

ಅವರ ಹಿಂದೆ, ಬಾಗಿಲ ಬಳಿ, ಇನ್ನೊಬ್ಬ ಹೆಣ್ಣುಮಗಳು ನಿಂತಿದ್ದರು. ಅಂಗಡಿಯಲ್ಲಿ ಚೀಲ ಎಣಿಸಿ ಚೀಟಿ ಬರೆಯುವ ಕೆಲಸಕ್ಕಿದ್ದವರು. ಅವರ ಕೈಚೀಲದಲ್ಲಿ ಮೂರು ಉದ್ದ ನೋಟುಪುಸ್ತಕಗಳಿದ್ದವು. ತಾರೀಖು, ರೈತರ ಹೆಸರು, ತಂದೆಯ ಹೆಸರು, ಊರು, ಸರಕು, ಮೊತ್ತ, ನಡುವೆ ಜಮಾ ಆದ ಹಣ, ಬಾಕಿ. ಬಹುಪಾಲು ನಮೂದುಗಳ ಮುಂದೆ ರೈತರ ಸಹಿ ಅಥವಾ ಹೆಬ್ಬೆಟ್ಟು. ಯಜಮಾನರ ತಲೆಯಲ್ಲಿ ಮಾತ್ರ ಇದೆಯೆಂದು ಎಲ್ಲರೂ ನಂಬಿದ್ದ ಉದ್ರಿ ಲೆಕ್ಕ ಅಲ್ಲಿ ಅಚ್ಚುಕಟ್ಟಾಗಿ ಕುಳಿತಿತ್ತು. ಯಾರು ಬರೆಯಲು ಹೇಳಿದರೆಂದು ಕೇಳಿದೆ. "ಯಾರೂ ಹೇಳಲಿಲ್ಲ ಸಾರ್. ನಮ್ಮ ಸಂಘದಲ್ಲಿ ಸಾಲ ಕೊಟ್ಟರೆ ಸಹಿ ಇಲ್ಲದೆ ಕೊಡುವುದಿಲ್ಲ. ಇಲ್ಲಿಯೂ ಹಾಗೆಯೇ ಬರೆದೆ" ಎಂದರು. ಅವರು ತಮ್ಮ ಊರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವರು.

ಸಾಲಗಾರನ ಸಹಿಯುಳ್ಳ ಬಾಕಿಯ ಒಪ್ಪಿಗೆಗೆ 1963ರ ಕಾಲಮಿತಿ ಕಾಯಿದೆಯಲ್ಲಿ ಇರುವ ಬೆಲೆಯನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಅವಧಿ ಮುಗಿಯುವ ಮುನ್ನ ಪಡೆದ ಲಿಖಿತ ಒಪ್ಪಿಗೆಯಿಂದ ಕಾಲಮಿತಿ ಹೊಸದಾಗಿ ಎಣಿಕೆಯಾಗುತ್ತದೆ. ಆದರೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಅಗತ್ಯವೇ ಬೀಳಲಿಲ್ಲ. ಪುಸ್ತಕವನ್ನು ತೋರಿಸಿದಾಗ ರೈತರಲ್ಲಿ ಹೆಚ್ಚಿನವರು ಕೊಯ್ಲಿನ ನಂತರ ತಾವಾಗಿಯೇ ಬಂದು ಬಾಕಿ ತೀರಿಸಿದರು. ಬ್ಯಾಂಕಿನ ಸಾಲ ತೀರಿತು. ಅಂಗಡಿ ಉಳಿಯಿತು.

ಆ ದಿನದಿಂದ ನನ್ನನ್ನು ಒಂದು ಪ್ರಶ್ನೆ ಕಾಡುತ್ತಿದೆ. ಕೂಲಿಯ ಮನೆಯಿಂದ ಬಂದ ಹೆಣ್ಣುಮಗಳಿಗೆ ತಿಳಿದಿದ್ದ ಲೆಕ್ಕದ ಶಿಸ್ತು, ಲಕ್ಷಗಟ್ಟಲೆ ವಹಿವಾಟಿನ ವರ್ತಕರ ಮನೆಯನ್ನು ಏಕೆ ಪ್ರವೇಶಿಸಿರಲಿಲ್ಲ?

ಈ ವಿದ್ಯೆ ಬಂದದ್ದು ಎಲ್ಲಿಂದ?

ಉತ್ತರ ದೂರದಲ್ಲಿಲ್ಲ. ದೇಶದಾದ್ಯಂತ ಇಂದು ಹಬ್ಬಿರುವ ಸ್ವಸಹಾಯ ಸಂಘಗಳ ಬೇರುಗಳಲ್ಲಿ ಒಂದು ನಮ್ಮ ನಾಡಿನ ಮಣ್ಣಿನಲ್ಲಿಯೇ ಇದೆ. ಟಿಬೆಟ್ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಸ್ಥಾಪನೆಯಾದ ಮೈರಾಡ ಸಂಸ್ಥೆಯ ಹೆಸರಿನಲ್ಲಿಯೇ 'ಮೈಸೂರು' ಅಡಗಿದೆ. ಹೆಗ್ಗಡದೇವನಕೋಟೆ ಅದರ ಹಳೆಯ ಕಾರ್ಯಕ್ಷೇತ್ರಗಳಲ್ಲಿ ಒಂದು. 1984-85ರ ಸುಮಾರಿಗೆ ಆ ಸಂಸ್ಥೆ ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳಲ್ಲಿ ಕೆಲವು ಒಡೆದವು. ಆಗ ಸದಸ್ಯರು ಸಣ್ಣ ಸಣ್ಣ ಗುಂಪುಗಳಾಗಿ ಬಂದು, ಪಡೆದ ಸಾಲವನ್ನು ಹಿಂದಿರುಗಿಸಲು ತಾವು ಸಿದ್ಧ, ಆದರೆ ನಂಬಿಕೆ ಉಳಿಯದ ಸಂಘಕ್ಕೆ ಮಾತ್ರ ಕಟ್ಟುವುದಿಲ್ಲ ಎಂದರು. ಹಾಗಾದರೆ ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ ಎಂಬ ಉತ್ತರ ಬಂತು. ಪರಸ್ಪರ ಬಲ್ಲವರು, ಪರಸ್ಪರ ನಂಬುವವರು ಸೇರಿ ಉಳಿತಾಯ ಮಾಡಿ, ತಮ್ಮಲ್ಲಿಯೇ ಸಾಲ ಕೊಟ್ಟುಕೊಳ್ಳುವ ಪದ್ಧತಿ ಹೀಗೆ ರೂಪುಗೊಂಡಿತು.

1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂ. ನೆರವು ನೀಡಿತು. 1992ರ ಫೆಬ್ರವರಿಯಲ್ಲಿ 500 ಸಂಘಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಆರಂಭವಾಯಿತು. ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಬಂದಾಗ ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಹಳ್ಳಿಹಳ್ಳಿಗೂ ಸಂಘ ತಲುಪಿತು. ಸಂಘದ ಸದಸ್ಯರ ಸಂಖ್ಯೆ 20ನ್ನು ಮೀರಬಾರದೆಂಬ ನಿಯಮದ ಹಿಂದಿನ ಕಾರಣ ನಮ್ಮ ಓದುಗರಿಗೆ ಕುತೂಹಲಕರವಾಗಬಹುದು. 1956ರ ಕಂಪನಿ ಕಾಯಿದೆಯ ಪ್ರಕಾರ, ಲಾಭದ ಉದ್ದೇಶದಿಂದ 20ಕ್ಕಿಂತ ಹೆಚ್ಚು ಜನ ಸೇರಿದರೆ ನೋಂದಣಿ ಕಡ್ಡಾಯವಾಗಿತ್ತು. ನೋಂದಣಿಯ ಹೊರೆ ಬೇಡವೆಂದು ಸಂಘಗಳು ಆ ಗೆರೆಯ ಒಳಗೆ ಉಳಿದವು.

ನೋಂದಣಿಯ ಕಾಗದ ಇಲ್ಲದ ಸಂಘಕ್ಕೆ ಬ್ಯಾಂಕು ಏನನ್ನು ನಂಬಿ ಸಾಲ ಕೊಡಬೇಕು? ಪುಸ್ತಕವನ್ನು. ನಡಾವಳಿ ಪುಸ್ತಕ, ನಗದು ಪುಸ್ತಕ, ಉಳಿತಾಯದ ಮತ್ತು ಸಾಲದ ಖಾತೆ ಪುಸ್ತಕ, ಸದಸ್ಯರ ಪಾಸ್ ಪುಸ್ತಕ. ಇವನ್ನು ಬರೆಯಲು ಓದುಬರಹ ಬಲ್ಲ ಒಬ್ಬ ಹೆಣ್ಣುಮಗಳು ಬೇಕಾದಳು. ಏಳನೆಯ ತರಗತಿಯೋ ಹತ್ತನೆಯ ತರಗತಿಯೋ ಓದಿ ಮದುವೆಯಾಗಿ ಬಂದ ಸೊಸೆಗೆ ಆ ಕೆಲಸ ದೊರೆಯಿತು. ಮಹಿಳೆಯರಿಗೆ ಹಣಕಾಸು ಯೋಜನೆಯಲ್ಲಿ ನೆರವಾಗುವ ವೃತ್ತಿಯೊಂದು ನಮ್ಮ ಹಳ್ಳಿಗಳಲ್ಲಿ ಹೀಗೆ ಸದ್ದಿಲ್ಲದೆ ಹುಟ್ಟಿತು.

2011ರಲ್ಲಿ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ಆರಂಭವಾದ ಮೇಲೆ, ನಮ್ಮ ರಾಜ್ಯದಲ್ಲಿ 'ಸಂಜೀವಿನಿ' ಎಂಬ ಹೆಸರಿನಲ್ಲಿ, ಆ ವೃತ್ತಿಗೆ ಮೆಟ್ಟಿಲುಗಳು ಬಂದವು. ವಾರದ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ, ಪುಸ್ತಕ ನಿರ್ವಹಣೆ ಎಂಬ ಪಂಚಸೂತ್ರ ಸಂಘಗಳ ಅಳತೆಗೋಲಾಯಿತು. ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟದಲ್ಲಿ ಗೌರವಧನ ಪಡೆಯುವ ಮುಖ್ಯ ಪುಸ್ತಕ ಬರಹಗಾರರು, ಅಂದರೆ ಊರಿನವರು ಕರೆಯುವ 'ಎಂಬಿಕೆ', ಬಂದರು. ಬಿ.ಸಿ. ಸಖಿ, ಆರ್ಥಿಕ ಸಾಕ್ಷರತೆಯ ಸಂಪನ್ಮೂಲ ವ್ಯಕ್ತಿ ಮೊದಲಾದ ಹುದ್ದೆಗಳೂ ಬಂದವು. ನನ್ನ ಕಚೇರಿಯ ಬಾಗಿಲಲ್ಲಿ ನಿಂತಿದ್ದ ಆ ಹೆಣ್ಣುಮಗಳು ಈಗ ಎಂಬಿಕೆ.

ಅಹಮದಾಬಾದಿನ ಒಬ್ಬ ಲೆಕ್ಕಪರಿಶೋಧಕಿ

ಈ ವೃತ್ತಿ ಎಷ್ಟು ಎತ್ತರಕ್ಕೆ ಬೆಳೆಯಬಲ್ಲದು ಎಂಬುದಕ್ಕೆ ನಮ್ಮದೇ ವೃತ್ತಿಬಾಂಧವರೊಬ್ಬರ ಉದಾಹರಣೆ ಗುಜರಾತಿನಲ್ಲಿದೆ. ಅಹಮದಾಬಾದಿನ ತಲೆಹೊರೆ ಕೂಲಿಗಳು, ಹಳೆಬಟ್ಟೆ ವ್ಯಾಪಾರದವರು, ತರಕಾರಿ ಮಾರುವವರು, ಬೀಡಿ ಕಟ್ಟುವವರು ಮೊದಲಾದ ಮಹಿಳೆಯರಿಗಾಗಿ ಇಳಾ ಭಟ್ ಅವರು 1972ರಲ್ಲಿ 'ಸೇವಾ' ಸಂಘಟನೆಯನ್ನು ಕಟ್ಟಿದರು. 1974ರಲ್ಲಿ ಸುಮಾರು 4,000 ಮಹಿಳೆಯರು ತಲಾ 10 ರೂ. ಷೇರು ಹಣ ಹಾಕಿ ಸೇವಾ ಸಹಕಾರಿ ಬ್ಯಾಂಕನ್ನು ಆರಂಭಿಸಿದರು. ಸಹಿ ಮಾಡಲು ಬಾರದವರು ಬ್ಯಾಂಕು ನಡೆಸುವುದು ಹೇಗೆ ಎಂಬ ಆಕ್ಷೇಪ ಎದುರಾದಾಗ, ಆ ಮಹಿಳೆಯರು ರಾತ್ರಿಯೆಲ್ಲ ಕುಳಿತು ತಮ್ಮ ಹೆಸರು ಬರೆಯುವುದನ್ನು ಕಲಿತರೆಂಬುದು ಈಗ ಪ್ರಸಿದ್ಧ ಸಂಗತಿ. ಗ್ರಾಹಕರನ್ನು ಗುರುತಿಸಲು ಪಾಸ್ ಪುಸ್ತಕಕ್ಕೆ ಭಾವಚಿತ್ರ ಅಂಟಿಸುವ ಕ್ರಮವನ್ನು ಆ ಬ್ಯಾಂಕು ಅಳವಡಿಸಿಕೊಂಡಿತು.

1986ರಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಜಯಶ್ರೀ ವ್ಯಾಸ್ ಅವರು ಆ ಬ್ಯಾಂಕಿನ ವ್ಯವಸ್ಥಾಪಕ ನಿರ್ದೇಶಕರಾದರು. ಮೂರು ದಶಕಗಳಿಗೂ ಹೆಚ್ಚು ಕಾಲ ಆ ಹೊಣೆಯನ್ನು ಹೊತ್ತರು. ಹೆಚ್ಚು ಸಂಬಳದ ದಾರಿಗಳು ತೆರೆದಿದ್ದ ವಿದ್ಯೆಯನ್ನು ಅವರು ದಿನಕ್ಕೆ ಐದು, ಹತ್ತು ರೂಪಾಯಿ ಉಳಿಸುವ ಹೆಂಗಸರ ಲೆಕ್ಕಕ್ಕೆ ತೊಡಗಿಸಿದರು. ಆ ಬ್ಯಾಂಕಿನ ಕಾರ್ಯವಿಧಾನದಲ್ಲಿ ವರ್ತಕರು ಗಮನಿಸಬೇಕಾದ ಮೂರು ಸಂಗತಿಗಳಿವೆ.

ಮೊದಲನೆಯದು, ಬ್ಯಾಂಕೇ ಗ್ರಾಹಕರ ಬಳಿಗೆ ಹೋದದ್ದು. ಮಾರುಕಟ್ಟೆಯಲ್ಲಿ ಕುಳಿತವಳು ಬುಟ್ಟಿ ಬಿಟ್ಟು ಬ್ಯಾಂಕಿಗೆ ಬಂದರೆ ಅರ್ಧ ದಿನದ ವ್ಯಾಪಾರ ಹೋಗುತ್ತದೆ. ಆದ್ದರಿಂದ ಬ್ಯಾಂಕಿನ ಸಾಥಿಯರು ಅವಳಿದ್ದಲ್ಲಿಗೆ ಹೋಗಿ ಹಣ ಸಂಗ್ರಹಿಸಿದರು. ಎರಡನೆಯದು, ಆಸ್ತಿ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆ. ಗಿರವಿಯಲ್ಲಿದ್ದ ಒಡವೆ ಬಿಡಿಸಿಕೊಳ್ಳಲು, ಮನೆ ರಿಪೇರಿ ಮಾಡಿಸಲು ಸಾಲ ಕೊಡುವಾಗ, ಒಡವೆಯೂ ಮನೆಯೂ ಅವಳ ಹೆಸರಿನಲ್ಲಿ ಉಳಿಯುವಂತೆ ಒತ್ತಾಯಿಸಲಾಯಿತು. ಮೂರನೆಯದು, ವಿಮೆ. 1992ರಲ್ಲಿ ಆರಂಭವಾದ ವಿಮಾ ಯೋಜನೆಯಲ್ಲಿ, ಸದಸ್ಯೆ ಒಮ್ಮೆ ನಿಶ್ಚಿತ ಠೇವಣಿ ಇಟ್ಟರೆ ಅದರ ಬಡ್ಡಿಯಿಂದಲೇ ಪ್ರತಿವರ್ಷದ ಪ್ರೀಮಿಯಂ ಕಟ್ಟುವ ಏರ್ಪಾಡಿತ್ತು. ಪ್ರೀಮಿಯಂ ಮರೆತು ಪಾಲಿಸಿ ರದ್ದಾಗುವ ಕಷ್ಟ ಅಲ್ಲಿಗೆ ತಪ್ಪಿತು. ನಮ್ಮ ಎಷ್ಟು ಜನ ಸದಸ್ಯರ ಪಾಲಿಸಿಗಳು ಹೀಗೆ ಮರೆವಿನಿಂದ ರದ್ದಾಗಿವೆ ಎಂಬುದನ್ನು ಅವರವರೇ ಲೆಕ್ಕ ಹಾಕಿಕೊಳ್ಳಬಹುದು.

ಆದಾಯದ ಪಂಚಾಂಗ, ಕಂತಿನ ಪಂಚಾಂಗ

ಇಷ್ಟೆಲ್ಲ ಇದ್ದೂ ನಮ್ಮ ಭಾಗದಲ್ಲಿ 2025ರ ಜನವರಿಯಲ್ಲಿ ನಡೆದದ್ದು ನೆನಪಿನಿಂದ ಮಾಸುವಂಥದಲ್ಲ. ನಂಜನಗೂಡು ತಾಲ್ಲೂಕು ಹಾಗೂ ಪಕ್ಕದ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಕಿರುಸಾಲದ ವಸೂಲಿಯ ಒತ್ತಡಕ್ಕೆ ಹೆದರಿ ಕುಟುಂಬಗಳು ಮನೆಗೆ ಬೀಗ ಹಾಕಿ ಹೋದ ಸುದ್ದಿ ರಾಜ್ಯದ ಎಲ್ಲ ಪತ್ರಿಕೆಗಳಲ್ಲಿ ಬಂತು. ಪ್ರಾಣಹಾನಿಯ ವರದಿಗಳೂ ಬಂದವು. ಫೆಬ್ರವರಿ 12ರಂದು ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ಜಾರಿಯಾಯಿತು. ಅದರಲ್ಲಿ 10 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂ.ವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಲಾಯಿತು.

ಕಾನೂನು ವಸೂಲಿಯ ಕ್ರೌರ್ಯವನ್ನು ತಡೆಯಬಹುದು. ಸಾಲ ಮಾಡುವ ಮುನ್ನ ಲೆಕ್ಕ ಹಾಕುವ ಕೆಲಸವನ್ನು ಅದು ಮಾಡಲಾರದು. ಆ ಕೆಲಸವೇ ಎಂಬಿಕೆಯಂಥ ಹೆಣ್ಣುಮಕ್ಕಳ ನಿಜವಾದ ವೃತ್ತಿ.

ಅವರು ಮೊದಲು ಬರೆಸುವುದು ಆದಾಯದ ಪಂಚಾಂಗವನ್ನು. ಭತ್ತದ ಹಣ ಬರುವುದು ಒಕ್ಕಣೆಯ ನಂತರ. ಕಬ್ಬಿನ ಹಣ ಬರುವುದು ಕಟಾವಾಗಿ ಕಾರ್ಖಾನೆಗೆ ಹೋದ ಮೇಲೆ. ರೇಷ್ಮೆಯವರಿಗೆ ಗೂಡು ಮಾರಿದಾಗ, ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಹೋಗುವವರಿಗೆ ತಿಂಗಳಿಗೊಮ್ಮೆ. ಅದರ ಪಕ್ಕದಲ್ಲಿ ಖರ್ಚಿನ ಪಂಚಾಂಗ: ಜೂನ್‌ನಲ್ಲಿ ಶಾಲೆಯ ಶುಲ್ಕ, ಭಾದ್ರಪದದಲ್ಲಿ ಗೌರಿ ಹಬ್ಬ, ಫಾಲ್ಗುಣದಲ್ಲಿ ನಂಜುಂಡೇಶ್ವರನ ದೊಡ್ಡ ಜಾತ್ರೆಗೆ ಬರುವ ನೆಂಟರು. ಇವೆರಡರ ನಡುವೆ ಕಂತಿನ ಪಂಚಾಂಗ ಬಂದು ಕೂರುತ್ತದೆ. ಅದು ಒಕ್ಕಣೆಯನ್ನೂ ಕಾಯುವುದಿಲ್ಲ, ಗೂಡಿನ ಸಂತೆಯನ್ನೂ ಕಾಯುವುದಿಲ್ಲ, ವಾರಕ್ಕೊಮ್ಮೆ ಬರುತ್ತದೆ.

ಭಾರತೀಯ ರಿಸರ್ವ್ ಬ್ಯಾಂಕು 2022ರ ಏಪ್ರಿಲ್‌ನಿಂದ ಜಾರಿಗೆ ತಂದ ನಿಯಮದಲ್ಲಿ, ವಾರ್ಷಿಕ 3 ಲಕ್ಷ ರೂ.ವರೆಗಿನ ಆದಾಯದ ಕುಟುಂಬಕ್ಕೆ ಕೊಡುವ ಆಧಾರರಹಿತ ಸಾಲವನ್ನು ಕಿರುಸಾಲವೆಂದು ಗುರುತಿಸಿ, ಎಲ್ಲ ಸಾಲಗಳ ತಿಂಗಳ ಕಂತು ಕುಟುಂಬದ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದು ವಿಧಿಸಿತು. ಒಂದು ಲೆಕ್ಕ ನೋಡೋಣ. ತಿಂಗಳಿಗೆ 18,000 ರೂ. ಆದಾಯದ ಮನೆಗೆ ಮಿತಿ 9,000 ರೂ. ಆ ಮನೆಯಾಕೆ ಮೂರು ಕಡೆ ಸಾಲ ಪಡೆದು, ಒಂದೊಂದಕ್ಕೆ ವಾರಕ್ಕೆ 700 ರೂ. ಕಟ್ಟುತ್ತಾಳೆ ಎನ್ನೋಣ. ವಾರಕ್ಕೆ 2,100 ರೂ. ವರ್ಷದ 52 ವಾರಗಳಿಗೆ ಲೆಕ್ಕ ಹಾಕಿ 12ರಿಂದ ಭಾಗಿಸಿದರೆ ತಿಂಗಳಿಗೆ 9,100 ರೂ. ಮಿತಿ ಆಗಲೇ ದಾಟಿತು. ವಾರಕ್ಕೆ 700 ಎಂದು ಕೇಳಿದಾಗ ಸಣ್ಣದೆನಿಸಿದ್ದು ತಿಂಗಳ ಲೆಕ್ಕಕ್ಕೆ ತಂದಾಗ ಮನೆಯ ಅರ್ಧ ಆದಾಯವನ್ನು ನುಂಗಿರುತ್ತದೆ.

ಬಡ್ಡಿಯ ಲೆಕ್ಕವೂ ಹಾಗೆಯೇ. 10,000 ರೂ. ಸಾಲಕ್ಕೆ ಶೇ. 12ರಂತೆ ಒಟ್ಟು 1,200 ರೂ. ಬಡ್ಡಿ ಸೇರಿಸಿ ಹನ್ನೆರಡು ಸಮ ಕಂತುಗಳಲ್ಲಿ ಪಡೆದರೆ, ತಿಂಗಳು ತಿಂಗಳೂ ಇಳಿಯುವ ಅಸಲಿನ ಮೇಲೆ ಬೀಳುವ ನಿಜವಾದ ವಾರ್ಷಿಕ ಬಡ್ಡಿ ಶೇ. 21ನ್ನು ಮೀರುತ್ತದೆ. ಇದನ್ನು ಕಾಳು ಎಣಿಸಿ ತೋರಿಸಬಲ್ಲ ಒಬ್ಬ ಹೆಣ್ಣುಮಗಳು ಊರಿನಲ್ಲಿದ್ದರೆ, ಸಹಿಗೆ ಮುಂಚೆ ಹತ್ತು ಜನ ಅವಳನ್ನು ಕೇಳುತ್ತಾರೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿಯೇ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆಯಡಿ ಮನೆಯೊಡತಿಯರ ಖಾತೆಗೆ ತಿಂಗಳಿಗೆ 2,000 ರೂ. ಜಮಾ ಮಾಡುವ ಏರ್ಪಾಡಾಯಿತು. ಅವರಲ್ಲಿ ಎಷ್ಟೋ ಜನರಿಗೆ ಅದು ತಮ್ಮದೇ ಹೆಸರಿನಲ್ಲಿ ಬಂದ ಮೊದಲ ಹಣ. ಅದು ಕಂತಿಗೆ ಹೋಯಿತೇ, ಉಳಿತಾಯಕ್ಕೆ ಹೋಯಿತೇ ಎಂಬುದು ಪಕ್ಕದಲ್ಲಿ ಲೆಕ್ಕ ಹೇಳಿಕೊಡುವವರು ಇದ್ದರೇ ಇಲ್ಲವೇ ಎಂಬುದನ್ನು ಅವಲಂಬಿಸಿತ್ತು.

ವರ್ತಕರ ಮನೆಯ ಮಾತು

ಈಗ ನಮ್ಮ ವಿಷಯಕ್ಕೆ ಬರೋಣ. ಸಂಘದ ಹೆಣ್ಣುಮಗಳಿಗೆ ತನ್ನ ಉಳಿತಾಯ ಎಷ್ಟು, ಸಾಲ ಎಷ್ಟು ಎಂಬುದು ಸಭೆಯಲ್ಲಿ ಓದಿ ಹೇಳಿ ತಿಳಿಯುತ್ತದೆ. ವರ್ತಕರ ಮತ್ತು ಸಣ್ಣ ಕೈಗಾರಿಕೋದ್ಯಮಿಗಳ ಮನೆಯಲ್ಲಿ ಅಂಥ ಸಭೆ ನಡೆಯುವುದಿಲ್ಲ. ಆದರೆ ಜಿ.ಎಸ್.ಟಿ. ನೋಂದಣಿ ಪತ್ನಿಯ ಹೆಸರಿನಲ್ಲಿ, ನಿವೇಶನ ಪತ್ನಿಯ ಹೆಸರಿನಲ್ಲಿ, ಜಾಮೀನು ಪತ್ನಿಯ ಸಹಿಯಲ್ಲಿ! ಹೊಣೆ ಮಾತ್ರ ಆಕೆಯದು, ಅರಿವು ಆಕೆಗಿಲ್ಲ. ಇದನ್ನು ಸರಿಪಡಿಸಲು ನನ್ನ ಸಲಹೆಗಳು ಇವು:

1. ಜಾಮೀನು: 1872ರ ಕರಾರು ಕಾಯಿದೆಯ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ, ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ವ್ಯಾಪಕ. ಪತ್ನಿಯಿಂದ ಸಹಿ ಪಡೆಯುವ ಮುನ್ನ ಮೊತ್ತವನ್ನೂ ಷರತ್ತುಗಳನ್ನೂ ಓದಿ ಹೇಳಿರಿ. ಪತ್ರದ ಒಂದು ಪ್ರತಿ ಮನೆಯಲ್ಲಿರಲಿ.

2. ನಾಮ ನಿರ್ದೇಶನ: 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಬಹುದು. ಹಳೆಯ ಖಾತೆಗಳನ್ನೂ ಪಾಲಿಸಿಗಳನ್ನೂ ತೆಗೆದು ನೋಡಿರಿ. ಠೇವಣಿಯ ವಿಷಯದಲ್ಲಿ ನಾಮಿನಿ ಹಣವನ್ನು ಪಡೆದುಕೊಳ್ಳುವವರೇ ಹೊರತು ಅಷ್ಟರಿಂದಲೇ ವಾರಸುದಾರರಾಗುವುದಿಲ್ಲ. ಆದ್ದರಿಂದ ಉಯಿಲು ಬೇರೆಯಾಗಿ ಬೇಕು.

3. ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆ, 1874: ಈ ಹಳೆಯ ಕಾಯಿದೆಯಡಿ ಪತಿಯು ಪತ್ನಿ ಮತ್ತು ಮಕ್ಕಳ ಹಿತಕ್ಕಾಗಿ ತೆಗೆದುಕೊಂಡ ಜೀವವಿಮೆಯ ಹಣ, ಸಾಲಗಾರರನ್ನು ವಂಚಿಸುವ ಉದ್ದೇಶವಿಲ್ಲದಿದ್ದರೆ, ಪತಿಯ ವ್ಯಾಪಾರದ ಸಾಲಕ್ಕೆ ಜಪ್ತಿಯಾಗುವುದಿಲ್ಲ. ಪಾಲಿಸಿ ತೆಗೆದುಕೊಳ್ಳುವಾಗಲೇ ಇದನ್ನು ಬರೆದುಕೊಡಬೇಕು. ಆಮೇಲೆ ಸೇರಿಸಲು ಬರುವುದಿಲ್ಲ. ಸಾಲ ಮಾಡಿ ವ್ಯಾಪಾರ ನಡೆಸುವ ಪ್ರತಿಯೊಬ್ಬ ವರ್ತಕರೂ ಇದನ್ನು ತಿಳಿದಿರಬೇಕು.

4. ಆಕೆಯದೇ ಖಾತೆ: ಪತಿ ಕೊಟ್ಟ ಹಣದಿಂದ ಬರುವ ಆದಾಯ ತೆರಿಗೆಯ ಲೆಕ್ಕದಲ್ಲಿ ಪತಿಯ ಆದಾಯಕ್ಕೆ ಸೇರುವ ಸಂದರ್ಭಗಳಿವೆ. ಆ ಕಾರಣಕ್ಕೆ ಪತ್ನಿಗೆ ಖಾತೆಯೇ ಬೇಡವೆನ್ನುವುದು ತಪ್ಪು. ಯಜಮಾನರ ಖಾತೆ ಸ್ಥಗಿತವಾದ ದಿನ ಮನೆ ನಡೆಯುವುದು ಆ ಖಾತೆಯಿಂದ.

5. ಕೆಲಸದ ಹೆಣ್ಣುಮಕ್ಕಳು: ಅವರ ಕೂಲಿಯನ್ನು ಅವರವರ ಖಾತೆಗೇ ಜಮಾ ಮಾಡಿರಿ. 2022ರ ಜೂನ್‌ನ ಪರಿಷ್ಕರಣೆಯಂತೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಅಪಘಾತ ವಿಮೆಗೆ ವರ್ಷಕ್ಕೆ 20 ರೂ., ಜೀವನ್ ಜ್ಯೋತಿ ಬಿಮಾ ಯೋಜನೆಗೆ 436 ರೂ.; ರಕ್ಷಣೆ ತಲಾ 2 ಲಕ್ಷ ರೂ. ಈ 456 ರೂಪಾಯಿಗಳನ್ನು ಮಾಲೀಕರು ಕೊಟ್ಟರೆ ಅವರ ಲಾಭದಲ್ಲಿ ಕೊರತೆಯೇನೂ ಕಾಣದು.

6. ತಿಂಗಳಿಗೊಂದು ಸಭೆ: ಅಮಾವಾಸ್ಯೆಯ ಪೂಜೆಗೆ ಅಂಗಡಿಗೆ ಮನೆಯವರು ಬರುವ ರೂಢಿ ಹಲವರಲ್ಲಿದೆ. ಅಂದು ಅರ್ಧ ಗಂಟೆ ಕುಳಿತು ಬರಬೇಕಾದ ಉದ್ರಿ, ಕೊಡಬೇಕಾದ ಬಾಕಿ, ಬ್ಯಾಂಕಿನ ಸಾಲ, ಕೈಗಡ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಪತ್ನಿಯೂ ಬೆಳೆದ ಮಕ್ಕಳೂ ನೋಡಿ ಸಹಿ ಹಾಕಲಿ.

ಈ ಸಲಹೆಗಳಲ್ಲಿ ಕೊನೆಯದನ್ನು ಕೊಟ್ಟಾಗ ಹಿರಿಯ ಕಕ್ಷಿದಾರರೊಬ್ಬರು ನಕ್ಕು, "ಹೆಂಗಸರಿಗೆ ಸಾಲದ ಚಿಂತೆ ಏಕೆ ಹಚ್ಚುತ್ತೀರಿ?" ಎಂದರು. ಅವರ ಮಾತಿನಲ್ಲಿ ಅಕ್ಕರೆ ಇತ್ತು, ಒಪ್ಪುತ್ತೇನೆ. ಆದರೆ ತಿಳಿದು ಪಡುವ ಚಿಂತೆಗೆ ಪರಿಹಾರ ಹುಡುಕಲು ಸಮಯವಿರುತ್ತದೆ. ಹನ್ನೊಂದನೆಯ ದಿನದ ಕರ್ಮ ಮುಗಿಯುವ ಮುನ್ನವೇ ಸಾಲಗಾರರ ಬಾಯಿಂದ ಕೇಳಿ ತಿಳಿದರೆ ಆ ಸಮಯವೂ ಇರುವುದಿಲ್ಲ.

ನಮ್ಮ ವಾಣಿಜ್ಯ ಮಂಡಳಿಯು ತೆರಿಗೆಯ ಬಗ್ಗೆ, ಹೊಸ ಕಾನೂನುಗಳ ಬಗ್ಗೆ ಕಾರ್ಯಾಗಾರಗಳನ್ನು ನಡೆಸುವುದುಂಟು. ಸದಸ್ಯರು ಪತ್ನಿಯರೊಂದಿಗೆ ಬರುವ ಒಂದು ಕಾರ್ಯಾಗಾರವನ್ನು ನಂಜನಗೂಡಿನಲ್ಲಿ ಒಂದು ಶನಿವಾರ, ತಿ. ನರಸೀಪುರದಲ್ಲಿ ಒಂದು ಶನಿವಾರ ಏರ್ಪಡಿಸಬಹುದೇ ಎಂದು ಮಂಡಳಿಯ ಪದಾಧಿಕಾರಿಗಳಲ್ಲಿ ಈ ಮೂಲಕ ಕೋರುತ್ತೇನೆ. ಕಾನೂನಿನ ಭಾಗವನ್ನು ನಾನು ಶುಲ್ಕವಿಲ್ಲದೆ ಹೇಳಿಕೊಡುತ್ತೇನೆ. ಪುಸ್ತಕ ಬರೆಯುವುದನ್ನು ಹೇಳಿಕೊಡಲು ಸಂಘಗಳ ಎಂಬಿಕೆಯರನ್ನು ಕರೆಯಬೇಕು; ಅವರಿಗೆ ಸಲ್ಲಬೇಕಾದ ಗೌರವಧನವನ್ನು ಕೊಡಬೇಕು.

ಮೂರು ನೋಟುಪುಸ್ತಕ ತಂದಿದ್ದ ಆ ಹೆಣ್ಣುಮಗಳು ಈಗಲೂ ವರ್ಷಕ್ಕೊಮ್ಮೆ, ಮಾರ್ಚ್ ಮುಗಿದ ಮೇಲೆ, ಒಕ್ಕೂಟದ ಪುಸ್ತಕಗಳನ್ನು ಹೊತ್ತು ನನ್ನ ಕಚೇರಿಗೆ ಬರುತ್ತಾರೆ. ಕಳೆದ ಸಲ ಅವರ ಜೊತೆಯಲ್ಲಿ ಗೊಬ್ಬರದ ಅಂಗಡಿಯ ಆ ತಾಯಿಯೂ ಬಂದಿದ್ದರು. ಅಂಗಡಿಯ ಖಾತೆ ಪುಸ್ತಕವನ್ನು ಈಗ ಅವರೇ ಬರೆಯುತ್ತಾರಂತೆ. ತಾಳೆ ನೋಡಿದೆ. ಒಂದು ರೂಪಾಯಿಯೂ ತಪ್ಪಿರಲಿಲ್ಲ.